ಚೀಲದ ಮೇಲಿನ ಗೆಣಸು

ಜ್ವರ ಬಿಟ್ಟು ಮೂರು ವಾರವಾಗಿದ್ದರೂ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅರ್ಧ ಮುದ್ದೆಯನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಉರುಳಿಸಿ, ಎರಡು ತುತ್ತು ನುಂಗಿ, ‘ಸಾಕು ಬುಡಮ್ಮ’ ಎಂದು ಕೈ ತೊಳೆದುಬಿಡುತ್ತಿದ್ದ. ಅಂಗಿಯೊಳಗೆ ಅವನ ಭುಜ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ‘ರಿಪೋರ್ಟೆಲ್ಲ ಚೆನ್ನಾಗೇ ಇದೆ. ಆದ್ರೆ ಹೊಟ್ಟೆಗೆ ತಗೊಳ್ದೇ ಇದ್ರೆ ನಮ್ಮ ಮಾತ್ರೆ ಏನೂ ಮಾಡಲ್ಲ’ ಅಂದರು. ಎರಡು ವರ್ಷದ ಹಿಂದೆ ಅಮ್ಮನಿಗೂ ಹೀಗೇ ಊಟ ಬಿಡುವುದರಿಂದಲೇ ಶುರುವಾಗಿತ್ತು. ಅಮ್ಮ ಹೋದ ಮೇಲೆ ಅಪ್ಪನನ್ನು ಹಳ್ಳಿಯಿಂದ ಮಧುಗಿರಿಗೆ, ನನ್ನ ಮನೆಗೆ ಕರೆದುಕೊಂಡು ಬಂದಿದ್ದೆ. ಇವನನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಶಿವರಾತ್ರಿ ಕಳೆದ ಒಂದು ಶನಿವಾರ ಬೆಳಗ್ಗೆ, ಜಗಲಿಯ ಮೇಲೆ ಕೂತಿದ್ದವನು ತಾನಾಗಿಯೇ ಬಾಯಿಬಿಟ್ಟ. ‘ಗೆಣಸು ತಿನ್ನಂಗಾಗೈತೆ ಕಣಮ್ಮ.’

ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಯಾಕೆಂದು ಹೇಳಬೇಕಾದರೆ ನಮ್ಮ ಮನೆಯಲ್ಲಿ ಗೆಣಸು ಎಂದರೆ ಏನೆಂದು ಮೊದಲು ಹೇಳಬೇಕು.

ಅಪ್ಪ ಇಲ್ಲಿನ ಕೋರ್ಟಿನಲ್ಲಿ ಜವಾನನಾಗಿದ್ದ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಮೂರು ಸಲ ಕೂಗುವುದು ಅವನ ಕೆಲಸ. ಅವನು ಕೂಗಿದರೆ ಹೊರಗಿನ ಹುಣಸೆಮರದ ಕೆಳಗೆ ಬೀಡಿ ಸೇದುತ್ತಿದ್ದವರೂ ಎದ್ದು ಓಡಿಬರುತ್ತಿದ್ದರು. ಅಷ್ಟು ಗಂಟಲಿದ್ದ ಮನುಷ್ಯ ಮನೆಯಲ್ಲಿ ಒಂದು ಮಾತನ್ನು ಮಾತ್ರ ಯಾವತ್ತೂ ಜೋರಾಗಿ ಆಡಲಿಲ್ಲ. ಆ ಮಾತು ಬಾಡು. ಕುರಿಬಾಡು, ಕೋಳಿಬಾಡು ಅಂದರೆ ಯಾರಿಗೂ ತೊಂದರೆಯಿಲ್ಲ. ನಮ್ಮದು ದೊಡ್ಡದರ ಬಾಡು, ದನದ ಮಾಂಸ. ದೊಡ್ಡೇರಿ ಕಡೆಯ ನಮ್ಮ ಹಳ್ಳಿಯ ಕೇರಿಯಲ್ಲಿ ಅದನ್ನು ಎಲ್ಲರೂ ಹೊರಗಿನ ಒಲೆಯ ಮೇಲೆಯೇ ಬೇಯಿಸುತ್ತಿದ್ದರು. ಮಧುಗಿರಿಯ ಬಾಡಿಗೆ ಮನೆಯ ಕತೆ ಬೇರೆ. ಗೊತ್ತಾದರೆ ‘ಮನೆ ನಮ್ಗೇ ಬೇಕಾಗಿದೆ’ ಅನ್ನುತ್ತಾರೆ. ಎರಡು ಸಲ ಹಾಗೆ ಅನ್ನಿಸಿಕೊಂಡು ಮನೆ ಬದಲಾಯಿಸಿದ್ದರಂತೆ, ನಾನು ಕೈಗೂಸಾಗಿದ್ದಾಗ.

ಆಮೇಲೆ ಅಪ್ಪ ಒಂದು ದಾರಿ ಕಂಡುಕೊಂಡ. ಇಲ್ಲಿನ ಅಂಗಡಿಗೆ ಹೋದರೆ ಪರಿಚಯದವರ ಕಣ್ಣಿಗೆ ಬೀಳುತ್ತೇನೆಂದು, ಭಾನುವಾರ ಬೆಳಗಿನ ಬಸ್ಸಿಗೆ ಶಿರಾಕ್ಕೆ ಹೋಗುತ್ತಿದ್ದ. ಬಾಡನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಮಣ್ಣು ಮೆತ್ತಿದ ಎರಡು ಸೇರು ಗೆಣಸು ಸುರಿದುಕೊಂಡು ಬರುತ್ತಿದ್ದ. ಯಾರಾದರೂ ಕೇಳಿದರೆ ಗೆಣಸು. ಕೇಳದಿದ್ದರೂ ಗೆಣಸು. ಗೆಣಸು ಸಿಗದ ತಿಂಗಳುಗಳಲ್ಲಿ ಮೇಲೆ ಮೂಲಂಗಿ ಇರುತ್ತಿತ್ತು, ಆದರೂ ಅದರ ಹೆಸರು ಗೆಣಸೇ. ‘ಇವತ್ತು ಗೆಣಸು’ ಎಂದು ಅಮ್ಮ ಕಿವಿಯಲ್ಲಿ ಹೇಳಿದರೆ ನಾನು ಕುಣಿಯುತ್ತಿದ್ದೆ. ಒಂದು ಸಲ ಪಕ್ಕದ ಮನೆಯಾಕೆ, ‘ವಾರ ವಾರ ಇಷ್ಟೊಂದ್ ಗೆಣಸು ತಿಂತೀರಲ್ಲ, ಹೊಟ್ಟೆ ಉಬ್ಬರಿಸಲ್ವೇನಮ್ಮ?’ ಎಂದು ಕಾಳಜಿಯಿಂದಲೇ ಕೇಳಿದ್ದರು. ಅಮ್ಮ ಓಮಿನಕಾಳು ತಿಂತೀವಿ ಅಂದಳಂತೆ.

ತಂದ ಗೆಣಸನ್ನು ಎಸೆಯಲಾಗುತ್ತದೆಯೇ? ಅಮ್ಮ ಅದನ್ನೂ ಹೆಚ್ಚಿ ಬಾಡಿನ ಸಾರಿಗೇ ಹಾಕುತ್ತಿದ್ದಳು. ಹಾಗಾಗಿ ನಮ್ಮ ಮನೆಯ ಸಾರು ಖಾರದ ಅಡಿಯಲ್ಲಿ ಒಂಚೂರು ಸಿಹಿ. ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತಾರೆ ಎಂದೇ ನಾನು ತಿಳಿದಿದ್ದೆ. ಮದುವೆಯಾಗಿ ಪಾವಗಡ ಕಡೆಗೆ ಹೋದ ಮೊದಲ ತಿಂಗಳು, ನನ್ನ ಜಾಣತನ ತೋರಿಸಲು ಬಾಡಿನ ಸಾರಿಗೆ ಗೆಣಸು ಹಾಕಿದೆ. ನಮ್ಮತ್ತೆ ಸೌಟಿನಲ್ಲಿ ಒಂದು ಹೋಳು ಎತ್ತಿ ಹಿಡಿದು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, ‘ಇದೇಂ ಕೂರಮ್ಮಾ! ಬಾಡಿಗೆ ಗೆನುಸುಗಡ್ಡ ಯಾರಾನಾ ಹಾಕ್ತಾರಾ?’ ಎಂದು ಬಿದ್ದು ಬಿದ್ದು ನಕ್ಕರು. ಹಬ್ಬಕ್ಕೆ ತವರಿಗೆ ಬಂದಾಗ ಕೇಳಿದೆ. ಚೀಲದ ಗುಟ್ಟನ್ನು ಹೇಳಿದವಳು ಅಮ್ಮ. ಅಪ್ಪ ಎದ್ದು ಹೊರಗೆ ಹೋಗಿಬಿಟ್ಟ.

ಅವತ್ತಿನಿಂದ ನಾನು ಸಾರಿಗೆ ಗೆಣಸು ಹಾಕುವುದನ್ನು ಬಿಟ್ಟೆ. ಅದನ್ನು ಕಂಡರೆ ನನಗೆ ನಮ್ಮಪ್ಪ ಬಸ್ಸಿನಲ್ಲಿ ಚೀಲ ತಬ್ಬಿಕೊಂಡು ಕೂತಿರುವುದೇ ಕಾಣುತ್ತಿತ್ತು. ಅಲ್ಲದೆ ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಪದಗಳ ಅರ್ಥ ಬರೆಸುವುದೇ ನನ್ನ ಹೊಟ್ಟೆಪಾಡು. ಈಗ ಮಧುಗಿರಿಯಲ್ಲಿರುವುದು ನಮ್ಮ ಸ್ವಂತ ಮನೆ, ‘ಖಾಲಿ ಮಾಡಿ’ ಅನ್ನುವವರು ಯಾರೂ ಇಲ್ಲ. ಇಂಥ ಮನೆಯಲ್ಲಿ ಕೂತುಕೊಂಡೂ ಅಪ್ಪ ಗೆಣಸು ಅಂದರೆ?

‘ಬಾಡು ಅನ್ನಪ್ಪ’ ಅಂದೆ.

ಅಪ್ಪ ನನ್ನ ಮುಖ ನೋಡಿದ.

‘ನಮ್ಮನೇಲಿದೀಯ. ಬಾಯ್ತುಂಬ ಬಾಡು ಅನ್ನು. ಆಮೇಲೆ ತರ್ತೀನಿ.’

‘ಬುಡಮ್ಮ ಅತ್ಲಾಗೆ’ ಎಂದು ಗೋಡೆ ಕಡೆ ತಿರುಗಿಕೊಂಡ. ಹುಷಾರಿಲ್ಲದ ಮುದುಕನಿಗೆ ಪಾಠ ಹೇಳಲು ಹೋದೆನಲ್ಲ ಎಂದು ನನಗೇ ನನ್ನ ಮೇಲೆ ಬೇಜಾರಾಯಿತು. ಆದರೂ ಸೋಲಲಿಲ್ಲ. ಹಾಳಾದ್ದು ಈ ಹಟವೂ ಅಪ್ಪನಿಂದಲೇ ಬಂದದ್ದು.

ಭಾನುವಾರ ಬೆಳಗ್ಗೆ ಶಿರಾ ಬಸ್ಸು ಹತ್ತಿದೆ. ಅಪ್ಪ ಹೋಗುತ್ತಿದ್ದ ಅಂಗಡಿಯನ್ನೇ ಹುಡುಕಿದೆ. ಅಂಗಡಿಯ ಹಿರಿಯರು ನನ್ನ ಪರಿಚಯ ಕೇಳಿದ ಮೇಲೆ, ‘ಕೋರ್ಟ್‌ ಭಾಯಿ ಮಗಳಾ? ಅಪ್ಪಾವ್ರ ತಬಿಯತ್‌ ಹೆಂಗಿದೆ?’ ಎಂದು ವಿಚಾರಿಸಿದರು. ಗೋಹತ್ಯೆ ನಿಷೇಧದ ಕಾಯ್ದೆ ಬಂದ ಮೇಲೆ ಅವರಲ್ಲಿ ಸಿಗುವುದು ವಯಸ್ಸಾದ ಎಮ್ಮೆಯದು ಮಾತ್ರ. ‘ಬೇಯೋಕೆ ಟೈಮ್‌ ತಗೊಳ್ತದಮ್ಮ, ಆದ್ರೆ ರುಚಿಗೆ ಮೋಸ ಇಲ್ಲ’ ಎಂದು ತೊಡೆಯ ಭಾಗವನ್ನೂ ಒಂದೆರಡು ಮೂಳೆಯನ್ನೂ ಕೊಟ್ಟರು. ಕಟ್ಟುವಾಗ ಹಳೆಯ ಅಭ್ಯಾಸದಿಂದ, ‘ಮ್ಯಾಲಕ್ಕೆ ತರಕಾರಿ ತಂದಿದೀರಾ?’ ಅಂದರು.

‘ಏನೂ ಬೇಡ, ಹಂಗೇ ಕೊಡಿ’ ಅಂದೆ ಠೀವಿಯಿಂದ. ಆದರೂ ಮನೆಯಿಂದ ಗಟ್ಟಿ ಮುಚ್ಚಳದ ಸ್ಟೀಲು ಡಬ್ಬಿ ತೆಗೆದುಕೊಂಡು ಹೋಗಿದ್ದೆ. ರಸ ಸೋರಬಾರದಲ್ಲ, ಅದಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಒಳ್ಳೆಯವಳು. ತನ್ನ ಮಗಳ ಬಾಣಂತನ, ಕುರಿಗಳ ಕಾಲುಬೇನೆ ಎಲ್ಲವನ್ನೂ ಹೇಳಿಕೊಂಡಳು. ಕಡಲೆಕಾಯಿ ಬಿಡಿಸಿ ನನ್ನ ಕೈಗೂ ಹಾಕಿದಳು. ಆಮೇಲೆ ನನ್ನ ತೊಡೆಯ ಮೇಲಿನ ಚೀಲ ನೋಡಿ, ಮಾತಿಗೆ ಮಾತು ಎಂಬಂತೆ, ‘ಭಾರ ಐತಲ್ಲ, ಏನ್‌ ತಗಂಡ್ರಿ?’ ಅಂದಳು.

‘ಗೆಣಸು’ ಅಂದೆ.

ನಾನೇ ಅಂದೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಿದ್ದುಹೋಯಿತು. ಅವಳು ‘ಈಗ್‌ ಸೀಸನ್ನು’ ಎಂದು ಸುಮ್ಮನಾದಳು. ಅವಳ ಕಡಲೆಕಾಯಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು, ಮಧುಗಿರಿಯ ಬಂಡೆ ಕಾಣುವವರೆಗೂ ಕಿಟಕಿಯ ಆಚೆಯೇ ನೋಡುತ್ತಾ ಕೂತೆ.

ಆ ಸಿಟ್ಟನ್ನೆಲ್ಲ ಅಡುಗೆಮನೆಯಲ್ಲಿ ತೀರಿಸಿಕೊಂಡೆ. ಬಾಡನ್ನು ಅರಿಶಿನ ಹಾಕಿ ತೊಳೆದೆ. ಕುಕ್ಕರಿಗೆ ಹಾಕಲಿಲ್ಲ. ಅಮ್ಮನ ದಪ್ಪ ತಳದ ತಪ್ಪಲೆಯನ್ನೇ ಇಳಿಸಿಕೊಂಡು, ಸಣ್ಣ ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯಲ್ಲಿ ಬಾಡು ತನ್ನ ನೀರು ತಾನೇ ಬಿಟ್ಟು ಹೀರಿಕೊಳ್ಳುವವರೆಗೆ ಬಾಡಿಸಿದೆ. ಎಮ್ಮೆಯ ಬಾಡು ಮೆತ್ತಗಾಗಲಿ ಎಂದು ಒಂದು ಚೂರು ಪರಂಗಿಕಾಯಿ ಹಾಕಿದೆ. ಮುಚ್ಚಳದ ಮೇಲೆ ನೀರಿಟ್ಟು, ಅದು ಬಿಸಿಯಾದಾಗ ಒಳಕ್ಕೆ ಬಗ್ಗಿಸಿ, ಮತ್ತೆ ಇಟ್ಟು, ಎರಡೂವರೆ ಗಂಟೆ ಕಾದೆ. ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ ಎಲ್ಲ ರುಬ್ಬಿ ಸುರಿದು ಕುದಿಸಿದೆ. ರಸ್ತೆ ಕಡೆಯ ಕಿಟಕಿಯನ್ನು ಬೇಕೆಂದೇ ಪೂರ್ತಿ ತೆರೆದಿಟ್ಟೆ. ಅಪ್ಪ ಗೋಡೆ ಹಿಡಿದುಕೊಂಡು ಬಂದು ಅದನ್ನು ಮುಚ್ಚಿದ. ನಾನು ತೆರೆದೆ. ಮತ್ತೆ ಬಂದು ಮುಚ್ಚಿದ. ನಾನು ತೆರೆದು, ಅಡ್ಡ ನಿಂತೆ.

ಬಿಸಿ ಮುದ್ದೆ ಕಟ್ಟಿ, ತಟ್ಟೆಯ ತುಂಬ ಸಾರು ಬಿಟ್ಟು ಅವನ ಮುಂದಿಟ್ಟೆ. ಒಂದೇ ಒಂದು ಗೆಣಸಿನ ಹೋಳೂ ಇಲ್ಲದ, ಮುಚ್ಚುಮರೆಯಿಲ್ಲದ ಸಾರು. ಅಪ್ಪ ಬಗ್ಗಿ ಮೂಸಿದ. ಬೆರಳಿನಿಂದ ಬಾಡಿನ ತುಂಡುಗಳನ್ನು ಪಕ್ಕಕ್ಕೆ ಸರಿಸಿದ. ಕೆಳಗೆ ಕೆದಕಿದ. ಏನೋ ಕಳೆದುಕೊಂಡವನ ಹಾಗೆ ಮತ್ತೊಮ್ಮೆ ಕೆದಕಿ ತಲೆ ಎತ್ತಿದ.

‘ಗೆಣಸೆಲ್ಲಮ್ಮ?’

‘ಎಲ್ಲಿಂದ ಬರ್ಬೇಕು? ನೀನು ಹಾಕ್ತಿದ್ದಿದ್ದು ಮುಚ್ಚಿಡೋಕೆ ತಾನೆ? ಈಗ ಮುಚ್ಚಿಡೋದೇನೈತೆ?’

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ‘ಗೆಣಸು ತಿನ್ನಂಗಾಗೈತೆ ಅಂದಿದ್ದು ಗೆಣಸೇ ಕಣಮ್ಮ’ ಅಂದ.

ನನಗೆ ಅರ್ಥವಾಗಲಿಲ್ಲ. ಅವನೇ ನಿಧಾನವಾಗಿ ಹೇಳಿದ. ನನ್ನ ಮದುವೆಯಾದ ಮೇಲೆ ಅವರು ಊರಿನ ಕೇರಿಗೆ ವಾಪಸು ಹೋದರಲ್ಲ, ಅಲ್ಲಿಗೆ ಹೋದ ಮೊದಲ ಭಾನುವಾರ ಅಪ್ಪ ಶಿರಾದಿಂದ ಬರೀ ಬಾಡು ತಂದನಂತೆ. ಮೇಲೆ ಏನೂ ಇಲ್ಲ. ಬೇಕೆಂದೇ ಕೇರಿಯ ನಡುವೆ ಕೈಯಲ್ಲಿ ಜೋತಾಡಿಸಿಕೊಂಡು ಬಂದನಂತೆ, ಇನ್ನೇನು ಭಯ ಎಂದು.

‘ನಿಮ್ಮಮ್ಮ ಚೀಲ ನೋಡಿ, ಗೆಣಸೆಲ್ಲಿ ಅಂದ್ಲು. ಇಲ್ಯಾಕೆ ಬೇಕು ಗೆಣಸು ಅಂದೆ. ನಿಂಗೆ ಬ್ಯಾಡ, ನಂಗೆ ಬೇಕು ಅಂದ್ಲು. ಅದಿಲ್ದಿದ್ರೆ ನಂಗೆ ಸಾರೇ ಅಲ್ಲ, ಹೋಗು ತಗಂಬಾ ಅಂತ ಬಿಸ್ಲಲ್ಲಿ ದೊಡ್ಡೇರಿಗೆ ಓಡ್ಸುದ್ಲು ಕಣಮ್ಮ. ಆಮ್ಯಾಕೆ ಅವಳು ಇರೋಗಂಟ ಬುಡ್ಲಿಲ್ಲ. ಮುಚ್ಕೊಳ್ಳಾಕೆ ತಂದಿದ್ದು ನಾನು. ಅದ್ಕೆ ರುಚಿ ಕಂಡಿದ್ದು ಅವಳು.’

ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಹಳ್ಳಿಗೆ ಹೋದಾಗಲೆಲ್ಲ ಅಮ್ಮನ ಸಾರಿನಲ್ಲಿ ಗೆಣಸು ಕಂಡರೂ ಅದು ಹಳೆಯ ಭಯದ ಅಭ್ಯಾಸ ಎಂದೇ ತಿಳಿದಿದ್ದೆ. ಅಪ್ಪ ಕೇಳಿದ್ದು ಬಾಡನ್ನಲ್ಲ, ಅಮ್ಮನ ಸಾರನ್ನು. ಪದಗಳ ಅರ್ಥ ಬರೆಸುವ ನನಗೆ ನಮ್ಮ ಮನೆಯ ಒಂದು ಪದದ ಅರ್ಥ ಗೊತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕೂತು, ಬಸ್ಸಿನಲ್ಲಿ ಆದದ್ದನ್ನು ಹೇಳಿಬಿಟ್ಟೆ.

ಅಪ್ಪ ನಕ್ಕ. ಮೊದಲು ಸಣ್ಣಗೆ, ಆಮೇಲೆ ಭುಜ ಕುಲುಕುವಷ್ಟು, ಕೆಮ್ಮು ಬರುವಷ್ಟು. ಜ್ವರ ಬಂದ ಮೇಲೆ ನಕ್ಕದ್ದು ಅದೇ ಮೊದಲು. ‘ನನ್ ಮಗಳಲ್ವೇನ್ಲಾ ನೀನು’ ಅಂದ. ಚಿಕ್ಕವಳಿದ್ದಾಗ ಮುದ್ದು ಬಂದರೆ ಹಾಗೇ ಲಾ ಹಾಕಿ ಮಾತಾಡುತ್ತಿದ್ದ.

ಚಪ್ಪಲಿಯನ್ನು ತಿರುವುಮುರುವಾಗಿ ಮೆಟ್ಟಿಕೊಂಡು ರಸ್ತೆಯ ತುದಿಯ ತರಕಾರಿ ಗಾಡಿಗೆ ಓಡಿದೆ. ಕೆಂಪು ಸಿಪ್ಪೆಯ ಗೆಣಸು ಆರಿಸಿ ತಂದು, ಸಿಪ್ಪೆ ಹೆರೆದು, ಅಮ್ಮ ಹೆಚ್ಚುತ್ತಿದ್ದ ಹಾಗೆ ದಪ್ಪ ದಪ್ಪ ಬಿಲ್ಲೆ ಮಾಡಿ ಸಾರಿಗೆ ಬಿಟ್ಟೆ. ಮೊದಲೇ ಹಾಕಿದರೆ ಕರಗಿಹೋಗುತ್ತದೆ, ಕೊನೆಗೇ ಹಾಕಬೇಕು ಎನ್ನುವುದನ್ನು ಕೈ ಮರೆತಿರಲಿಲ್ಲ. ಹತ್ತು ಹದಿನೈದು ನಿಮಿಷ ಕುದಿಯಿತು. ಆರಿದ ಮುದ್ದೆ ತೆಗೆದು ಹೊಸದು ಕಟ್ಟಿದೆ.

ಅಪ್ಪ ಮೊದಲು ಒಂದು ಗೆಣಸಿನ ಹೋಳನ್ನೇ ಬಾಯಿಗಿಟ್ಟ. ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಅಗಿದ. ಆಮೇಲೆ ಮುದ್ದೆ ಮುರಿದ. ಅರ್ಧ ಹೋಯಿತು. ನಾನು ಅತ್ತ ನೋಡದವಳ ಹಾಗೆ ಒಲೆ ಒರೆಸುತ್ತಿದ್ದೆ, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು. ಪೂರ್ತಿ ಮುದ್ದೆಯೂ ಹೋಯಿತು. ಮೂಳೆ ಚೀಪುವ ಸದ್ದು ಕೇಳಿತು. ಕಿಟಕಿ ತೆರೆದೇ ಇತ್ತು. ಹೊರಗೆ ರಸ್ತೆಯಲ್ಲಿ ಯಾರೋ ಮಾತಾಡುತ್ತಾ ಹೋಗುತ್ತಿದ್ದರು.

ಆಗ ಕೋರ್ಟಿನ ಬಾಗಿಲಲ್ಲಿ ನಿಂತವನ ಗಂಟಲಿನಲ್ಲಿ, ಬಂಡೆಗೆ ತಾಗಿ ವಾಪಸು ಬರುವಷ್ಟು ಜೋರಾಗಿ ಅಪ್ಪ ಕೂಗಿದ.

‘ಇನ್ನೊಂದ್‌ ನಾಕ್‌ ತುಂಡು ಬಾಡ್‌ ಹಾಕಮ್ಮ!’