ಒಂದೇ ಸೌಟು, ಎರಡು ನಾಯಿ

ನಾಯಿಗಳ ಮೂತ್ರಕೋಶದ ಕ್ಯಾನ್ಸರನ್ನು ಮೈಗೆ ಸೂಜಿ ತಾಗಿಸದೆ, ಒಂದು ಬಾಟಲಿ ಮೂತ್ರದಿಂದಲೇ ಪತ್ತೆಹಚ್ಚುವ ವಿದ್ಯೆಗೆ ಮೂವತ್ತೊಂದು ವರ್ಷ ಸವೆಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಯನ್ನು ಹೊರಗಿನವರು ತಜ್ಞೆ ಎಂದು ಗೌರವಿಸುತ್ತಾರೆ. ಒಳಗಿನವರಾದ ನಾವು 'ಇನ್ನೊಂದ್ಸಲ ಮೇಡಂ' ಎನ್ನುತ್ತೇವೆ. ಯಾವ ಫಲಿತಾಂಶ ಮುಂದಿಟ್ಟರೂ ಕನ್ನಡಕ ಹಣೆಗೇರಿಸಿ "ಇನ್ನೊಂದ್ಸಲ ನೋಡು" ಎನ್ನದೆ ಅವರು ಸಹಿ ಹಾಕಿದ್ದಿಲ್ಲ. ಫ್ರಿಜ್ಜಿನ ಬಾಗಿಲು ಹಾಕಿದೆಯೇ ಎಂದು ಗೇಟಿನಿಂದ ವಾಪಸ್ ಬಂದು ನೋಡುವವರು, ನೋಡಿಯೂ ಬಸ್ ಸ್ಟಾಪಿನಿಂದ ಫೋನ್ ಮಾಡುವವರು ಅವರು. ಅವರಿಗೂ ನೆಮ್ಮದಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಈ ಲೇಖನದಲ್ಲಿ ಅವರ ಶಿಷ್ಯೆಯೊಬ್ಬಳು ಬರುತ್ತಾಳೆ. ಬರೆಯುತ್ತಿರುವವಳೂ ಅವಳೇ. ತನ್ನ ತಪ್ಪನ್ನು 'ನಾನು' ಎಂದು ಬರೆಯುವಷ್ಟು ಎದೆಗಾರಿಕೆ ಇಲ್ಲದ್ದರಿಂದ 'ಅವಳು' ಎಂದೇ ಬರೆಯುತ್ತಾಳೆ. ಓದುಗರು ಕ್ಷಮಿಸಬೇಕು.

ಮೇಡಂ ಸೇವೆಗೆ ಸೇರಿದ ಕಾಲದ ಪರೀಕ್ಷೆ, ಮೂತ್ರದಲ್ಲಿ ಒಂದಿಷ್ಟು ರಕ್ತ ಬೆರೆತಿದ್ದರೂ ಸಾಕು, ಹಗ್ಗವನ್ನೂ ಹಾವೆನ್ನುತ್ತಿತ್ತು. ಬರೀ ಸೋಂಕಿನಿಂದ ಉಚ್ಚೆ ಕೆಂಪಾದ ನಾಯಿಗಳೂ ಕ್ಯಾನ್ಸರಿನ ಪಟ್ಟಿಗೆ ಸೇರಿ, ಎಷ್ಟೋ ಮನೆಗಳಲ್ಲಿ ಸುಮ್ಮಸುಮ್ಮನೆ ಅಳು ಹುಟ್ಟುತ್ತಿತ್ತು. ಗಡ್ಡೆಯಿಂದ ಉದುರಿ ಮೂತ್ರಕ್ಕೆ ಬೀಳುವ ಜೀವಕೋಶಗಳಲ್ಲಿ ಬದಲಾದ ಒಂದು ಜೀನನ್ನು ಹುಡುಕುವ ಹೊಸ ಪರೀಕ್ಷೆಯನ್ನು ಇಲ್ಲಿಗೆ ತಂದು, ವರ್ಷಗಟ್ಟಲೆ ತಿದ್ದಿ ತೀಡಿ ನೆಲೆಗೊಳಿಸಿದವರು ಮೇಡಂ. ಸ್ಕ್ಯಾನಿಗೆ ಕಾಣದ ಗಡ್ಡೆಯ ಸುಳಿವೂ ಅದಕ್ಕೆ ಸಿಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರೆ ಮೇಡಂಗೆ ಮಾತ್ರ ಹೊಸ ದಿಗಿಲು ಹತ್ತಿಕೊಂಡಿತು. "ಇದು ಸುಳ್ಳು ಹೇಳಲ್ಲ ಕಣೇ. ಆದ್ರೆ ಯಾರ ವಿಷಯ ಹೇಳ್ತಿದೀನಿ ಅಂತ ಇದಕ್ಕೆ ಗೊತ್ತಿರಲ್ಲ," ಎನ್ನುತ್ತಿದ್ದರು. ಅದಕ್ಕೇ ಒಂದು ಕಟ್ಟಳೆ ಮಾಡಿದ್ದರು: ರೋಗ ಇದೆ ಎನ್ನುವ ವರದಿ ಹೊರಡುವ ಮೊದಲು ಆ ಮನೆಗೆ ಫೋನ್ ಮಾಡಿ, ಮೂತ್ರ ಹೇಗೆ ಹಿಡಿದಿರಿ, ಯಾವುದರಲ್ಲಿ ಹಿಡಿದಿರಿ ಎಂದು ಕೇಳಲೇಬೇಕು.

ಎಂಟು ವರ್ಷದ ಹಿಂದೆ, ಮೇಡಂ ರಜೆಯಲ್ಲಿದ್ದ ಒಂದು ಶುಕ್ರವಾರ, ಶಿಷ್ಯೆ ಆ ಫೋನ್ ಮಾಡಲಿಲ್ಲ. ಬಾಟಲಿ ತಂದುಕೊಟ್ಟ ಟೈಲರ್ ಅಮ್ಮನನ್ನು ತಾನೇ ಕಂಡು ಮಾತಾಡಿಸಿದ್ದೆನಲ್ಲ, ಮತ್ತೇನು ಕೇಳುವುದು ಎಂಬ ಉಡಾಫೆ. ಆ ಅಮ್ಮ ಬ್ಲೌಸ್ ಹೊಲಿದು ಬದುಕುವವರು. ಅವರ ಸಣ್ಣ ನಾಯಿಯ ಮೂತ್ರದಲ್ಲಿ ರಕ್ತ ಬರುತ್ತಿತ್ತು. ಪರೀಕ್ಷೆ 'ಇದೆ' ಎಂದಿತು, ವರದಿ ಹೋಯಿತು.

ಶನಿವಾರ ಬೆಳಿಗ್ಗೆ ಆ ನಾಯಿಯ ವೈದ್ಯರು ಫೋನ್ ಮಾಡಿದರು. "ಸ್ಕ್ಯಾನಲ್ಲಿ ಏನೂ ಕಾಣ್ತಿಲ್ಲ, ಇನ್ನೂ ಸಣ್ಣದಿರಬೇಕು. ಆದ್ರೆ ಆಯಮ್ಮ ಕೇಳ್ತಿಲ್ಲ. ಅವರ ಯಜಮಾನರು ಹೋಗಿದ್ದೂ ಇದೇ ಕಾಯಿಲೇಲಂತೆ. ಇನ್ನೊಂದು ಜೀವ ನರಳೋದು ನೋಡಲಾರೆ, ಸೋಮವಾರ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ ಅಂತಿದಾರೆ."

ಫೋನ್ ಇಟ್ಟಮೇಲೆ ಶಿಷ್ಯೆ ಬಾಟಲಿಯ ಜೊತೆ ತುಂಬಿದ್ದ ಫಾರಂ ತೆಗೆದು ನೋಡಿದಳು. ಬಾಟಲಿ ಕೊಡುವಾಗ ಟೈಲರ್ ಅಮ್ಮ ನಗುತ್ತ ಹೇಳಿದ್ದ ಮಾತು ಈಗ ಕಿವಿಯಲ್ಲಿ ಕೂಗತೊಡಗಿತು: "ಸಣ್ಣೋಳಿಗೆ ಉಚ್ಚೆ ಹಿಡಿಯೋ ಸೌಟು ಕಂಡ್ರೆ ಭಯ ಕಣಮ್ಮ. ಅದಕ್ಕೇ ಮೊದ್ಲು ದೊಡ್ಡೋನಿಗೆ ಹಿಡಿದು ತೋರಿಸ್ದೆ. ಅವನು ಮಾಡಿದ್ದು ನೋಡಿ ಇವಳಿಗೂ ಧೈರ್ಯ ಬಂತು!" ಶಿಷ್ಯೆಯೂ ನಕ್ಕಿದ್ದಳು. ಫಾರಂನಲ್ಲಿ ಬರೆದಿರಲಿಲ್ಲ.

ಮೇಡಂ ಮನೆಗೆ ಓಡಿ, ಬಾಗಿಲಲ್ಲೇ ನಿಂತು ಎಲ್ಲ ಒದರಿದಳು. ಬೈಗುಳಕ್ಕೆ ತಲೆ ಬಗ್ಗಿಸಿ ಕಾದಳು. ಮೇಡಂ ಮುಖ ಬಿಳಿಚಿಕೊಂಡಿತ್ತು, ಆದರೆ ಅವರು ಅಂದದ್ದು ಇಷ್ಟೇ: "ಹೊಸ ಬಾಟಲಿ ಎರಡು ತಗೋ. ನಡಿ."

ಟೈಲರ್ ಅಮ್ಮನ ಮನೆಯ ಹಿತ್ತಲಿನಲ್ಲಿ, ನಲ್ಲಿಯ ಪಕ್ಕದ ಮೊಳೆಯಲ್ಲಿ, ಕೋಲಿಗೆ ಕಟ್ಟಿದ ಆ ಸೌಟು ನೇತಾಡುತ್ತಿತ್ತು. "ಎರಡರ ನಡುವೆ ತೊಳೆದಿದ್ರಾ ಅಮ್ಮಾ?" ಎಂದು ಮೇಡಂ ಕೇಳಿದರು. "ಕೊಡವಿದ್ದೆ," ಎಂದರು ಟೈಲರ್ ಅಮ್ಮ, ಏನೂ ಅರ್ಥವಾಗದೆ. ಮರುಗಳಿಗೆ ಅರ್ಥವಾಗಿ, ಹೊಲಿಗೆ ಮೆಷಿನ್ನಿನ ಕೆಳಗೆ ಮಲಗಿದ್ದ ಮುದಿ ನಾಯಿಯತ್ತ ತಿರುಗಿದರು. ಅದು ಯಜಮಾನರ ನಾಯಿ. ಅದಕ್ಕೆ ರಕ್ತವಿಲ್ಲ, ನೋವಿಲ್ಲ, ಅದರ ಮೇಲೆ ಯಾರಿಗೂ ಅನುಮಾನವೇ ಇರಲಿಲ್ಲ.

"ಅಂದ್ರೆ... ಇವಳಿಗಲ್ಲ, ಅವನಿಗಾ?"

"ಇನ್ನೊಂದ್ಸಲ ನೋಡ್ತೀವಿ," ಎಂದರು ಮೇಡಂ. "ಸೋಮವಾರದ್ದು ಮಾತ್ರ ಬೇಡ ಅಂತ ಡಾಕ್ಟರಿಗೆ ಈಗ್ಲೇ ಹೇಳಿಬಿಡಿ. ತಪ್ಪು ನಿಮ್ಮದಲ್ಲಮ್ಮ. ಮನೇಲಿ ಬೇರೆ ನಾಯಿ ಇದೆಯಾ ಅಂತ ನಮ್ಮ ಫಾರಂನಲ್ಲಿ ಕೇಳೇ ಇಲ್ಲ. ಆ ಫಾರಂ ಮಾಡಿದೋಳು ನಾನು."

ಶಿಷ್ಯೆ ಬಾಯಿ ತೆರೆದಳು. ಮೇಡಂ ಅವಳ ಮೊಣಕೈ ಒತ್ತಿದರು. ಅವಳು ಬಾಯಿ ಮುಚ್ಚಿಕೊಂಡಳು.

ಎರಡು ಬಾಟಲಿಯ ಫಲಿತಾಂಶ ಬುಧವಾರಕ್ಕೆ ಬರಬೇಕಿತ್ತು. ಒಂದು ನಾಯಿ ಉಳಿಯಲಿ ಎಂದು ಹಾರೈಸಿದರೆ ಇನ್ನೊಂದಕ್ಕೆ ಕೇಡು ಬಯಸಿದಂತಾಗುತ್ತಿತ್ತು. ಹಾಳು ಮನಸ್ಸು ಯಾವ ಕಡೆ ವಾಲಬೇಕು? ಮೇಡಂ ತಾವೇ ಮೂರು ಸಲ ಪರೀಕ್ಷೆ ಮಾಡಿದರು. ಸಣ್ಣವಳಿಗೆ ಬರೀ ಸೋಂಕು, ಮಾತ್ರೆಯಲ್ಲಿ ವಾಸಿಯಾಗುವಂಥದ್ದು. ಕ್ಯಾನ್ಸರ್ ಇದ್ದದ್ದು ದೊಡ್ಡವನಿಗೆ.

"ಅವನಿಗೆ ನೋವಾಗ್ತಿದೆಯಾ?" ಎಂದಷ್ಟೇ ಕೇಳಿದರು ಟೈಲರ್ ಅಮ್ಮ.

"ಈಗಿಲ್ಲ. ಬರೋಕೆ ಮುಂಚೆನೇ ಗೊತ್ತಾಗಿದೆ. ಔಷಧ ಇದೆ," ಎಂದರು ಮೇಡಂ.

ಇಂಜೆಕ್ಷನ್ನಿನ ಮಾತು ಮತ್ತೆ ಬರಲಿಲ್ಲ. ದೊಡ್ಡವನು ಹದಿನಾಲ್ಕು ತಿಂಗಳು ಬದುಕಿ, ಅದೇ ಮೆಷಿನ್ನಿನ ಕೆಳಗೆ ನಿದ್ದೆಯಲ್ಲೇ ಹೋದ. ಸಣ್ಣವಳು ಇಂದಿಗೂ ಗೇಟಿನಲ್ಲಿ ನಿಂತು ಅಂಚೆಯವನಿಗೆ ಬೊಗಳುತ್ತಾಳೆ. ನಮ್ಮ ಫಾರಂನಲ್ಲಿ ಎರಡು ಹೊಸ ಪ್ರಶ್ನೆಗಳು ಸೇರಿದವು. ಮೊದಲ ವರದಿಯ ತಪ್ಪೊಪ್ಪಿಗೆ ಪತ್ರಕ್ಕೆ ಬಿದ್ದದ್ದು ಮೇಡಂ ಒಬ್ಬರದೇ ಸಹಿ. ಈ ಎಂಟು ವರ್ಷದಲ್ಲಿ ಅವರು ಆ ದಿನದ ಸುದ್ದಿ ಎತ್ತಿಲ್ಲ, ಒಂದು ಚುಚ್ಚುಮಾತಾಡಿಲ್ಲ. ಪ್ರತಿ ವರದಿಗೂ "ಫೋನ್ ಮಾಡಿದ್ಯಾ?" ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಬರುವ ತಿಂಗಳಿಂದ ಆ ಕುರ್ಚಿಯಲ್ಲಿ ಶಿಷ್ಯೆ ಕೂರಬೇಕು. ಮೇಡಂ ನೂರು ವರ್ಷ ಆರೋಗ್ಯದಿಂದ ಬಾಳಲಿ, ಬರೆಯಬೇಕೆಂದಿರುವ ಪುಸ್ತಕ ಬರೆದು ಮುಗಿಸಲಿ, ಆಗಾಗ ಬಂದು ನಮ್ಮ ಫ್ರಿಜ್ಜಿನ ಬಾಗಿಲು ಎಳೆದು ನೋಡಲಿ. ನಿಶ್ಚಿಂತೆಯಿಂದಿರಿ ಎಂದು ಮಾತ್ರ ಹಾರೈಸಲಾರೆವು. ಅವರ ಚಿಂತೆಯಿಂದ ಬದುಕಿದ ಜೀವಗಳು ಒಂದೆರಡಲ್ಲ.

ಮೇಡಂ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟ ಬಿಡುಗಡೆಯಾಗುವ ದಿನ ಟೈಲರ್ ಅಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ, ಪುಸ್ತಕದ ಪ್ರತಿಯೂ ಅವರ ಕೈ ಸೇರುತ್ತದಂತೆ. ಹಾಗಾಗಿ ಈ ಲೇಖನವನ್ನು ಇನ್ನೊಂದು ಸಲ ನೋಡಿ, ಒಂದು ತಿದ್ದುಪಡಿ ಮಾಡುತ್ತಿದ್ದೇನೆ. ಅಮ್ಮಾ, ಫಾರಂದು ತಪ್ಪಲ್ಲ, ಮೇಡಂ ತಪ್ಪೂ ಅಲ್ಲ. ದೊಡ್ಡವನಿಗೆ ಮೊದಲು ಹಿಡಿದೆ ಎಂದು ನೀವು ಅವತ್ತೇ ಹೇಳಿದ್ದಿರಿ. ಕೇಳಿ, ನಕ್ಕು, ಬರೆಯದೆ ಬಿಟ್ಟವಳು ನಾನು.