ಲೈನ್‌ಮನ್ನನ ಗಿಟಾರು, ನಮ್ಮ ಹಲಗಿ

ಹಳದಿ ಹೆಲ್ಮೆಟ್ಟಿನ ಕೆಳಗಿಂದ ಅವನ ಕೂದಲು ಬೆನ್ನ ತನಕ ಇಳಿದಿತ್ತು. ಕಂಬ ಹತ್ತುವಾಗ ಹೆಂಗಸರ ಹಾಗೆ ತುರುಬು ಕಟ್ಟಿ ಹೆಲ್ಮೆಟ್ಟಿನೊಳಗೆ ತುರುಕುತ್ತಿದ್ದ. ಎರಡು ಕಂಬ ಮುಗಿಯುವುದರೊಳಗೆ ಅದು ಬಿಚ್ಚಿ ಮತ್ತೆ ಬೆನ್ನಿಗೆ ಬೀಳುತ್ತಿತ್ತು. ಗೊರೇಬಾಳದ ನಮ್ಮ ಓಣಿಗೆ ಮೊದಲ ಸಲ ಬಂದಾಗ ಇವ ಯಾವುದೋ ದೇವಿಗೆ ಬಿಟ್ಟವನಿರಬೇಕು ಅಂತ ಹೆಂಗಸರು ಅಂದುಕೊಂಡರು. ಒಬ್ಬಾಕೆ ಕಾಲಿಗೂ ಬಿದ್ದಳು. ಅವ ಕಾಲು ಹಿಂದಕ್ಕೆ ಎಳಕೊಂಡು, "ಯವ್ವಾ, ನಾ ದೇವರ ಮನಷ್ಯಾ ಅಲ್ಲ, ಕರೆಂಟಿನಾಂವ" ಅಂದ.

ಸಿಂಧನೂರು ಕಡೆಯ ಲೈನ್‌ಮನ್ ಅವ. ನನ್ನ ಮನೆಗೆ ಹತ್ತಿದ ಖೋಲಿ ಬಾಡಿಗೆಗೆ ಹಿಡಿದಿದ್ದ. ನಮ್ಮ ಮಂದಿಯೇ. ಅವರಪ್ಪ ಲಿಂಗಸುಗೂರಿನಲ್ಲಿ ಕಚೇರಿ ಗುಮಾಸ್ತನಾಗಿ ರಿಟೈರ್ ಆದವನು, ಮನೆಯೊಳಗೆ ಬುದ್ಧನ ಫೋಟೋ ಇಟ್ಟವನು. ಹೆಸರು ಹಿಡಿದು ನಾನು ಎಂದೂ ಕರೆಯಲಿಲ್ಲ. ಲೈನ್‌ಮನ್ ಅಂದರೆ ಓ ಅಂತಿದ್ದ.

ನಾನು ಅಕ್ಷರ ಕಲಿತದ್ದು ಮೊಮ್ಮಕ್ಕಳಾದ ಮೇಲೆ. ಒತ್ತಕ್ಷರ ಈಗಲೂ ತಪ್ಪುತ್ತವೆ. ಆದರೂ ಬರೀತೀನಿ. ಈಚೆಗೆ ಕ್ಯಾಮೆರಾ ಹಿಡಿದ ಮಂದಿ ಬಂದು, ನಿಮ್ಮ ಕಡೆ ಈ ಜಾನಪದ ಮೆಟಲ್ ಅನ್ನೋದು ದೊಡ್ಡ ಊರಿಂದ ಬಂತಲ್ಲ ಅಂದರು. ಸುಳ್ಳು. ಅದು ಬಂದದ್ದು ನನ್ನ ಪಕ್ಕದ ಖೋಲಿಯಿಂದ.

ಒಂದು ಆಯಿತವಾರ ಮಧ್ಯಾಹ್ನ ಆ ಖೋಲಿಯಿಂದ ತಗಡಿನ ಶೆಡ್ಡು ಕುಸಿದಂಥ ಸಪ್ಪಳ ಬಂತು. ಶೆಡ್ಡು ಒಮ್ಮೆ ಕುಸಿದು ಸುಮ್ಮನಾಗುತ್ತದೆ. ಇದು ಕುಸಿಯುತ್ತಲೇ ಇತ್ತು. ಕೈಯಾಗಿನ ಕಸಬರಿಗಿ ಹಿಡಿದೇ ಒಳಗೆ ಹೋದೆ. ಅಕ್ಕಿ ಚೀಲದ ಮೇಲೆ ಕುಂತು ಕಪ್ಪು ಗಿಟಾರು ಬಾರಿಸುತ್ತಿದ್ದ, ಕೂದಲು ಮುಖದ ತುಂಬ. ಓಣಿಯಾಗ ಮಂದಿ ಇರಬೇಕೋ ಬೇಡವೋ ಅಂತ ಬೈದೆ.

"ಕುಂದ್ರು ಆಯಿ. ಬೈಯೂದಾದ್ರ ಪೂರಾ ಕೇಳಿ ಬೈಯಿ" ಅಂದ.

ಫೋನಿನಲ್ಲಿ ಒಂದು ಹಾಡು ಹಚ್ಚಿದ. ಕಿವಿ ಹರಿಯುವ ಗದ್ದಲ, ಗಂಡಸೊಬ್ಬ ಹುಲಿ ಮೆಟ್ಟಿದವನ ಹಾಗೆ ಒದರುತ್ತಿದ್ದ. ಅದರ ನಡುವೆ ಒಂದು ಪಿಟೀಲು, ಸಂತಿಯೊಳಗೆ ತಾಯಿ ತಪ್ಪಿದ ಆಡಿನ ಮರಿ ಕೂಗಿದಂಗೆ. ಅದು ಮಾತ್ರ ನನಗೆ ತಿಳಿಯಿತು.

ಆಮೇಲೆ ಅವ ಕತೆ ಹೇಳಿದ. ಮೆಟಲ್ ಅಂದರೆ ಇಂಗ್ಲೆಂಡಿನ ಕಾರ್ಖಾನೆ ಊರುಗಳ ಹುಡುಗರು ಹುಟ್ಟಿಸಿದ ಆರ್ಭಟವಂತೆ. ಮುಂದೆ ಅಲ್ಲೇ ಒಂದು ತಂಡದವರು ಆ ಆರ್ಭಟದ ನಡುವೆ ಹಳ್ಳಿ ಪಿಟೀಲು ತಂದು ಕೂಡಿಸಿದರಂತೆ. ಮಂದಿ ನಕ್ಕರು. ಆದರೆ ಫಿನ್ಲೆಂಡ್ ಅನ್ನೋ ಚಳಿ ದೇಶದವರು ನಗಲಿಲ್ಲ, ತಮ್ಮ ಮುತ್ತಜ್ಜರ ಹಾಡುಗತೆ ತಂದು ಅದರೊಳಗೆ ಹಾಕಿದರು, ಆಮೇಲೆ ತಮ್ಮ ಕುಣಿತದ ಹಾಡಿನ ಪೆಟ್ಟಿಗಿಯನ್ನೂ ತಂದರು. ಐರ್ಲೆಂಡಿನವರು ಕೊಳಲು ತಂದರು, ಜರ್ಮನಿಯವರು ಚೀಲ ಊದುವ ವಾದ್ಯ ತಂದರು, ಮರುಭೂಮಿ ಸೀಮೆಯವರು ತಮ್ಮ ರಾಗ ತಂದರು. ಮಂಗೋಲಿಯಾದ ಕುದುರೆ ಕಾಯುವವರು ಒಂದೇ ಗಂಟಲಿನಿಂದ ಎರಡು ದನಿ ಹೊರಡಿಸಿ ಗಿಟಾರಿನ ಜೋಡಿ ಹಾಡಿದರು. ನಮ್ಮ ದೇಶದಲ್ಲೂ ಅಲ್ಲಲ್ಲಿ ಹುಡುಗರು ಮಾಡುತ್ತಿದ್ದಾರಂತೆ. ಎಲ್ಲರದೂ ಒಂದೇ ಕತೆ ಅಂದ. ಹಳೇ ಪದ, ಹಳೇ ವಾದ್ಯ ಅಂದರೆ ನಾಚಿಕೆ ಅಂತ ಊರು ಅಂದಾಗ, ಅದನ್ನೇ ಎತ್ತಿ ಊರಿನ ಕಿವಿ ಹರಿಯುವ ಹಾಗೆ ಬಾರಿಸಿದರು.

ನಾನು ಕೇಳಿದೆ. ಕೇಳಿ ಅಂದೆ, "ಅವರಿಗೆ ಯಾರೂ ಹೆಣದ ಮುಂದ ಬಾರಸು ಅಂದಿರ್ಲಿಲ್ಲ. ಅವರಿಗೆ ಸಲೀಸದ. ನನ್ನ ಗಂಡಗ ಅಂದಿದ್ರು."

ನನ್ನ ಗಂಡ ಸಾಯುವ ತನಕ ಹಲಗಿ ಬಾರಿಸಿದ. ದೊಡ್ಡ ಮನೆಯಲ್ಲಿ ಹೆಣ ಬಿದ್ದರೆ ಜ್ವರವಿದ್ದರೂ ಎದ್ದು ಹೋಗಬೇಕು. ಬೆಂಕಿಗೆ ಚರ್ಮ ಕಾಯಿಸಬೇಕು, ಹೆಣದ ಮುಂದೆ ಮಣ್ಣಿನ ತನಕ ಬಾರಿಸಬೇಕು, ಉಳಿದ ಅನ್ನ ಹೆಗಲ ಟವೆಲ್ಲಿನಲ್ಲಿ ಕಟ್ಟಿ ತರಬೇಕು. ತಂದದ್ದನ್ನು ನಾನೇ ತಿಂದೀನಿ. ಅವ ಸತ್ತ ವರ್ಷ, ಇನ್ನು ಯಾರ ಹೆಣದ ಮುಂದೂ ಬಾರಿಸುವುದಿಲ್ಲ ಅಂತ ಓಣಿಯ ಗಂಡಸರೆಲ್ಲ ಕೂಡಿ ಹಲಗಿ ತಂದು ರಾಶಿ ಹಾಕಿ ಸುಟ್ಟರು. ಮುಂದೆ ನಿಂತವನು ನನ್ನ ಗಂಡನ ಅಣ್ಣ, ನನ್ನ ಭಾವ. ಚರ್ಮ ಸುಡುವ ನಾತ ಮೂರು ದಿನ ಓಣಿಯಲ್ಲಿತ್ತು. ನನಗೆ ಅದು ಕೆಟ್ಟದ್ದು ಅನ್ನಿಸಲಿಲ್ಲ.

ಮರುದಿನ ಲೈನ್‌ಮನ್ ಕಂಬದ ಮೇಲಿಂದಲೇ ಕೂಗಿದ, "ಆಯಿ, ನೀ ಅಂದಿದ್ದು ಖರೇ ಅದ. ವಿಚಾರ ಮಾಡಾಕತ್ತೀನಿ." ವಿಚಾರ ಮಾಡಿ ಏನು ಮಾಡಿದ? ಎಂಟು ದಿನಕ್ಕೆ ಮಸ್ಕಿಗೆ ಹೋಗಿ ಹೊಸ ಹಲಗಿ ತಂದ. ಬೈಕಿನ ಹಿಂದೆ ಕಟ್ಟಿ, ಮುಚ್ಚದೆ, ಓಣಿಯ ನಡುವೆ ತಂದ.

ಓಣಿ ಹೊತ್ತಿ ಉರಿಯಿತು. ಸಭೆ ಸೇರಿತು. ಸುದ್ದಿ ತಿಳಿದು ಅವರಪ್ಪ ಲಿಂಗಸುಗೂರಿನಿಂದ ಬಸ್ ಹಿಡಿದು ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿಗೆ ಪೆನ್ನು. ಮಗನಿಗೆ ಎಲ್ಲರ ಮುಂದೆ ಹೇಳಿದ, "ನಮ್ಮಪ್ಪ ಹಲಗಿ ಬಿಟ್ಟಾನಂತ ನಾ ಕುರ್ಚಿ ಮ್ಯಾಲ ಕುಂತೀನಿ. ನೀ ನಮ್ಮನ್ನ ತಿರುಗಿ ನೆಲಕ್ಕ ಕುಂದ್ರಸಬ್ಯಾಡ."

"ಅಪ್ಪಾ, ಮುತ್ಯಾ ಬಿಟ್ಟಿದ್ದು ದೊಡ್ಡ ಮಂದಿ ಹುಕುಮು. ಹುಕುಮು ಹೋಗ್ಯಾದ. ಹಲಗಿ ಯಾಕ ಹೋಗಬೇಕು?"

ಅವರಪ್ಪ ಬಂದ ಬಸ್ಸಿಗೇ ತಿರುಗಿ ಹೋದ. ಭಾವ ಮಾತ್ರ ಒಂದು ಕರಾರು ಹಾಕಿದ. ಇಟ್ಟುಕೋ. ಆದರೆ ಈ ಹಲಗಿ ಕಾರಣಕ್ಕೆ ಒಬ್ಬನಾದರೂ ನಮ್ಮನ್ನು ಹೆಣದ ಮುಂದೆ ಕರೆಯಲು ಬಂದರೆ, ಅವತ್ತೇ ನಿನ್ನ ಕೈಯಿಂದ ನೀನೇ ಸುಡಬೇಕು, ತಿರುಗಿ ಇನ್ನೊಂದು ತರಬಾರದು. ಲೈನ್‌ಮನ್ ಹೂಂ ಅಂದ. ಬೇರೆ ಏನೂ ಕೇಳಲಿಲ್ಲ.

ಲೈನ್‌ಮನ್ ತಂಡ ಕಟ್ಟಿದ. ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನ ಖಾಲಿ ಗೋದಾಮಿನಲ್ಲಿ ತಾಲೀಮು. ಮಿಲ್ಲಿನ ಮೆಕ್ಯಾನಿಕ್ ಡ್ರಮ್ಮಿಗೆ, ಗುರುಗುಂಟಾದಿಂದ ರಜೆ ದಿನ ಬರುತ್ತಿದ್ದ ಪೋಸ್ಟ್‌ಮನ್ ಹಲಗಿಗೆ. ಹಾಡಲು ನನ್ನನ್ನು ಎಳೆದ. ಗೋದಾಮಿನೊಳಗೆ ಬೆಂಕಿ ಹಚ್ಚಲು ಬಿಡುವುದಿಲ್ಲ ಅಂತ ಹಲಗಿಯ ಚರ್ಮ ಬಿಗಿಯಾಗಲು ದೊಡ್ಡ ಫೋಕಸ್ ಬಲ್ಬಿನ ಮುಂದೆ ಹಿಡಿಯುವುದು ಲೈನ್‌ಮನ್ನನ ಯುಕ್ತಿ. ಬೆರಳಿನಿಂದ ತಟ್ಟಿ, ಕಿವಿ ಹಚ್ಚಿ, ರೊಟ್ಟಿ ಬೆಂದಿದೆಯೋ ನೋಡುವ ಹೆಂಗಸಿನ ಹಾಗೆ ನೋಡುತ್ತಿದ್ದ.

ಒಮ್ಮೆ ಹಲಗಿ ನನ್ನ ಕೈಗೆ ಕೊಡಲು ಬಂದ. ನಾನು ಸರಿದೆ. ನಮ್ಮ ಕಡೆ ಹೆಂಗಸು ಹಲಗಿ ಹೆಗಲಿಗೆ ಹಾಕುವುದಿಲ್ಲ. ಅದರಲ್ಲೂ ಗಂಡ ಸತ್ತವಳು ಬಾರಿಸಿದ ಹಲಗಿ ದೇವರ ಮುಂದೂ ಹೆಣದ ಮುಂದೂ ನಡೆಯುವುದಿಲ್ಲ, ಮೈಲಿಗೆ. ಅವ ಕೇಳಿ ನಕ್ಕ. ನಕ್ಕರೂ ಒತ್ತಾಯ ಮಾಡಲಿಲ್ಲ.

ನನ್ನ ಗಂಟಲು ಒಡಕು. ಜೋಳದ ಹೊಲದ ಕಾವಲು ಮಂಚಿಗಿ ಮೇಲೆ ನಿಂತು ಹಕ್ಕಿ ಓಡಿಸಲು ಕೂಗಿ ಕೂಗಿ ಒಡೆದದ್ದು. ಸೋಬಾನೆಗೆ ಕೂಡ ಯಾರೂ ಕರೆಯುತ್ತಿರಲಿಲ್ಲ. ಅವ ಅಂದ, "ಆಯಿ, ಇಂಥಾ ಗಂಟಲಿಗೆ ಅಲ್ಲಿ ಹುಡುಗರು ವರ್ಷಗಟ್ಲೆ ಸಾಧನಿ ಮಾಡ್ತಾರ."

"ಅವರನ್ನ ನಮ್ಮ ಜ್ವಾಳದ ಹೊಲಕ್ಕ ಕಳಸು. ಒಂದ ಸುಗ್ಗಿಗೆ ಬರ್ತದ."

ನೆಲ್ಲು ನಾಟಿ ಮಾಡುವಾಗ ನಾವು ಹಾಡುತ್ತಿದ್ದ ಪದ ಹಾಡಿಸಿದ.

ಬಗ್ಗೀನಿ ಬಗ್ಗೀನಿ ಕೆಸರಾಗ ಬಗ್ಗೀನಿ
ನಿನಗಲ್ಲೊ ಮಾಲಕಾ, ನೆಲಕ ಬಗ್ಗೀನಿ

ಎರಡನೇ ಸಾಲು ಮಾಲಕ ಬದುವಿನ ಮೇಲೆ ಇಲ್ಲದಾಗ ಮಾತ್ರ ಹಾಡುತ್ತಿದ್ದೆವು. ಅವ ಇದ್ದರೆ ಆ ಸಾಲಿಗೆ ಬಾಯಿ ಮುಚ್ಚಿ ಗುಂಯ್ ಅನ್ನುತ್ತಿದ್ದೆವು. ಲೈನ್‌ಮನ್ ಆ ಸಾಲಿಗೇ ಗಿಟಾರು, ಡ್ರಮ್ಮು, ಹಲಗಿ ಮೂರನ್ನೂ ಬಿಟ್ಟ. ನಾನು ಸ್ವಲ್ಪ ನಯವಾಗಿ ಹಾಡಲು ಹೋದರೆ ಗಿಟಾರು ನಿಲ್ಲಿಸುತ್ತಿದ್ದ. "ಚಂದ ಮಾಡಬ್ಯಾಡ ಆಯಿ. ಚಂದ ಆದ್ರ ಮಂದಿ ಮಕ್ಕೋತಾರ" ಅನ್ನುವುದು ಅವನ ದಿನದ ಮಾತು. ಅವನ ಬಾಯಲ್ಲಿ ಬೈಗುಳ ಇರಲಿಲ್ಲ, ಸೇದುತ್ತಿರಲಿಲ್ಲ, ಮಿರ್ಚಿ ಭಜಿ ಮಾತ್ರ ಹೊಟ್ಟೆ ಹರಿಯುವಷ್ಟು ತಿನ್ನುತ್ತಿದ್ದ. ಎಣ್ಣೆ ಕೈ ಕೂದಲಿಗೇ ಒರೆಸುತ್ತಿದ್ದ. ಅದಕ್ಕೆ ಬೈದು ಬೈದು ನನಗೇ ಸಾಕಾಯಿತು.

ಲಿಂಗಸುಗೂರಿನ ಒಂದು ಕಾಲೇಜಿನವರು ಕರೆದರು. ನಾನು ಮೈಕ್ ಹಿಡಿದದ್ದು ಅದೇ ಮೊದಲು. ಮೊದಲಿಗೆ ಹುಡುಗರು ಮುದುಕಿ ನೋಡಿ ಸಿಳ್ಳೆ ಹೊಡೆದರು. ಎರಡನೇ ಸಾಲು ಬಂದಾಗ ಸಿಳ್ಳೆ ನಿಂತಿತು. ಆಮೇಲೆ ಕುರ್ಚಿ ಬಿಟ್ಟು ಎದ್ದು ತಲೆ ಕೊಡವಿದರು, ದೆವ್ವ ಬಂದವರ ಹಾಗೆ. ಹಿಂದಿನ ಸಾಲಿನಲ್ಲಿ ಬಿಳಿ ಅಂಗಿಯ ಅವರಪ್ಪನೂ ಇದ್ದ. ಮುಗಿದ ಮೇಲೆ ಮಗನಿಗೆ ಏನೂ ಹೇಳದೆ, ನನಗೆ ನೀರಿನ ಬಾಟಲಿ ಕೊಟ್ಟು ಹೋದ.

ಅದಾದ ನಾಲ್ಕು ದಿನಕ್ಕೆ ದೊಡ್ಡ ಮನೆಯ ಮುದುಕ ಸತ್ತ. ಬೆಳಿಗ್ಗೆ ಅವನ ಮೊಮ್ಮಗ ಬೈಕಿನ ಮೇಲೆ ಓಣಿಗೆ ಬಂದ. ಓದಿದ ಹುಡುಗ, ಮಾತು ಮೆತ್ತಗೆ. ಅಂವ ಅದೇ ಕಾಲೇಜಿನಲ್ಲಿ ನಮ್ಮನ್ನು ನೋಡಿದ್ದನಂತೆ. ಅದನ್ನು ನೋಡಿಯೂ ಅವನಿಗೆ ತಿಳಿದದ್ದು ಇಷ್ಟು:

"ಬಾಳ ಚಲೋ ಬಾರಸ್ತೀರಿ. ಅಜ್ಜಾರು ತೀರ್ಕೊಂಡಾರ. ಗಿಟಾರು ಬ್ಯಾಡ, ಹಲಗಿ ಅಷ್ಟ ತರ್ರಿ ಸಾಕು."

ಭಾವ ತನ್ನ ಬಾಗಿಲಲ್ಲಿ ನಿಂತು ಲೈನ್‌ಮನ್ನನ ಖೋಲಿ ನೋಡಿದ. ಲೈನ್‌ಮನ್ ಡ್ಯೂಟಿಗೆ ಹೊರಟಿದ್ದವನು ಹೆಲ್ಮೆಟ್ ಕೆಳಗಿಟ್ಟ. ಒಳಗೆ ಹೋಗಿ ಹಲಗಿ ತಂದ, ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ. ಹುಡುಗ ಬಂದು ಕೇಳಿದ್ದಷ್ಟೇ, ನಾವು ಹೋಗುವುದಿಲ್ಲವಲ್ಲ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಕರಾರಿನಲ್ಲಿ ಇದ್ದದ್ದು ಕರೆಯಲು ಬಂದರೆ ಅಂತ. ಹಲಗಿ ನೆಲಕ್ಕಿಟ್ಟು, ಹುಲ್ಲು ಎಳೆದು ಮೇಲೆ ಹಾಕಿ, ಕಡ್ಡಿ ಗೀರಿದ. ಮೊದಲನೇ ಕಡ್ಡಿ ಗಾಳಿಗೆ ಆರಿತು.

ನಾನು ಅಂಗಳ ಸಾರಿಸುತ್ತಿದ್ದೆ. ಸಗಣಿ ಕೈಯಲ್ಲೇ ಹೋಗಿ ಹಲಗಿ ಎತ್ತಿ ಹೆಗಲಿಗೆ ಹಾಕಿಕೊಂಡೆ. ಕೋಲು ಸಿಗಲಿಲ್ಲ, ಹುಲ್ಲಿನೊಳಗಿದ್ದ ಕಟ್ಟಿಗೆ ಚೂರು ಹಿಡಿದು ಬಾರಿಸಿದೆ. ಲಯ ಇಲ್ಲ, ತಾಳ ಇಲ್ಲ. ನಲವತ್ತು ವರ್ಷ ಕೇಳಿದ ಪೆಟ್ಟು ಕೈಗೆ ಬಂದ ಹಾಗೆ ಬಾರಿಸಿದೆ. ಓಣಿಯ ಈ ತುದಿಯಿಂದ ಆ ತುದಿಗೆ, ಆ ಹುಡುಗನ ಬೈಕಿನ ಸುತ್ತ ಒಂದು ಸುತ್ತು.

ಹುಡುಗನ ಮುಖ ಇಳಿಯಿತು. "ಆಯಿ, ನೀ ಮುಟ್ಟಬಾರದಿತ್ತು" ಅಂದ.

"ಮುಟ್ಟೀನಿ. ಮುಂಡಿ ಬಾರಿಸಿದ ಹಲಗಿ ಇದು. ಇನ್ನ ನಿಮ್ಮ ಅಜ್ಜಗ ನಡಿಯಂಗಿಲ್ಲ. ನಮಗ ನಡೀತದ. ಹೋಗಿ ಹೇಳು."

ಅವ ಬೈಕು ತಿರುಗಿಸಿದ. ಭಾವ ಮೆಲ್ಲಗೆ ಬಂದು ಲೈನ್‌ಮನ್ನನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು, ತನ್ನ ಬೀಡಿ ಹಚ್ಚಿಕೊಂಡ. ಪೆಟ್ಟಿಗೆ ತಿರುಗಿ ಕೊಡಲಿಲ್ಲ. ಕರಾರು ಅಲ್ಲಿಗೆ ಮುಗಿಯಿತು ಅಂತ ನಾವು ತಿಳಿದೆವು.

ಲೈನ್‌ಮನ್ ಹುಲ್ಲಿನ ಪಕ್ಕ ಕುಂತೇ ಇದ್ದ. "ಆಯಿ, ನಿನ್ನ ಪೆಟ್ಟು ಬಾಳ ಕೆಟ್ಟ ಅದಾವು. ಆಯಿತವಾರ ಕಲಸ್ತೀನಿ" ಅಂದ. ಕಲಿಸಿದ.

ಆ ವರ್ಷ ದೊಡ್ಡ ಮನೆಯವರು ನಮ್ಮ ಓಣಿಯ ಹೆಂಗಸರನ್ನು ನಾಟಿಗೆ ಕರೆಯಲಿಲ್ಲ. ನಾವು ಆಟೋ ಹಿಡಿದು ದೂರದ, ಕಾಲುವೆ ನೀರಿಗೆ ವಲಸೆ ಬಂದ ರೈತರ ಕ್ಯಾಂಪುಗಳಿಗೆ ಹೋಗಿ ನಾಟಿ ಮಾಡಿದೆವು. ಸೊಂಟ ನೋಯಿತು, ಹೊಟ್ಟೆಗೆ ಕಡಿಮೆ ಆಗಲಿಲ್ಲ. ಆಟೋದೊಳಗೆ ತಗಡು ಬಡಿದು ಬಡಿದು ಇನ್ನೂ ನಾಲ್ಕು ಹೆಂಗಸರು ಪೆಟ್ಟು ಕಲಿತರು. ಅವರಲ್ಲಿ ಇಬ್ಬರು ಮುಂದೆ ತಂಡಕ್ಕೆ ಬಂದರು. ಗಿಟಾರಿನ ಎದುರು ಹೆಂಗಸರ ಹಲಗಿ ನಿಂತದ್ದು ಹೀಗೆ. ಅದನ್ನು ಯಾರೂ ಬೇರೆ ದೇಶದಿಂದ ತರಲಿಲ್ಲ. ಲೈನ್‌ಮನ್ ಹೊಸ ಹಾಡು ಕಟ್ಟಿದ, ಮಸ್ಕಿಯಲ್ಲಿ ಮಾಡಿದೆವು, ಸಿಂಧನೂರಿನಲ್ಲಿ ಮಾಡಿದೆವು. ಬೈದವರು ಬೈದರು. ಇದು ಜಾನಪದ ಅಲ್ಲ ಅಂತ ಒಬ್ಬ ಪಂಡಿತ ಅಂದ, ಇದು ಮೆಟಲ್ ಅಲ್ಲ ಅಂತ ಕಪ್ಪು ಅಂಗಿಯ ಹುಡುಗರು ಅಂದರು. ಲೈನ್‌ಮನ್ ಇಬ್ಬರಿಗೂ ಭಜಿ ತಿನ್ನಿಸಿ ಕಳಿಸಿದ.

ಅವನಿಗೆ ಕಾಮಾಣಿ ಆಯಿತು. ಮೊದಲು ಕಣ್ಣು ಹಳದಿ, ಆಮೇಲೆ ಮೈ. ಗಿಡಮೂಲಿಕೆ ಕುಡಿದ, ದವಾಖಾನೆಗೆ ತಡವಾಗಿ ಹೋದ. ನಾನು ಹೋಗು ಅಂತ ಬೈದಿದ್ದೆ, ಇನ್ನೂ ಗಟ್ಟಿಯಾಗಿ ಬೈಯಬೇಕಿತ್ತು. ಸತ್ತಾಗ ನಲವತ್ತು ವರ್ಷವೂ ತುಂಬಿರಲಿಲ್ಲ.

ಲಿಂಗಸುಗೂರಿನ ಮನೆಯ ಮುಂದೆ ಮಲಗಿಸಿದ್ದರು. ಹಿರಿಯರು ಬುದ್ಧವಂದನೆ ಹೇಳಿದರು. ಎತ್ತುವ ಹೊತ್ತಿಗೆ ಗುರುಗುಂಟಾದ ಪೋಸ್ಟ್‌ಮನ್ ಹಲಗಿ ಹೆಗಲಿಗೆ ಹಾಕಿಕೊಂಡು ಬಂದ, ಮುಖವೆಲ್ಲ ಒದ್ದೆ. ನಮ್ಮ ಹೆಂಗಸರಿಬ್ಬರೂ ಕೋಲು ಹಿಡಿದಿದ್ದರು. ಇದು ಯಾರ ಹುಕುಮೂ ಅಲ್ಲ, ಇವನಿಗೊಂದು ಸಲ ನಮ್ಮ ಪ್ರೀತಿಗೆ ಬಾರಿಸೋಣ ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ಅವರಪ್ಪನೂ ನೋಡಿದ.

ನನಗೂ ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಇವತ್ತು ಪ್ರೀತಿಗೆ ಬಾರಿಸಿದರೆ ನಾಳೆ ಇನ್ನೊಬ್ಬ ಬೈಕಿನ ಮೇಲೆ ಬರುತ್ತಾನೆ, ಅವಗ ಬಾರಿಸಿದಿರಿ, ನಮಗೂ ಬಾರಿಸಿರಿ ಅನ್ನುತ್ತಾನೆ.

"ಹಲಗಿ ಇಳಸ್ರಿ" ಅಂದೆ. "ಅಂವನೂ ಈಗ ಹೆಣಾನ. ಹೆಣದ ಮುಂದ ಬಾರಸಂಗಿಲ್ಲ."

ಅವರಪ್ಪ, "ಬರೋಬರಿ" ಅಂದು, ತಾನೇ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಪೋಸ್ಟ್‌ಮನ್ ಹಲಗಿ ಇಳಿಸಿ ಚೀಲಕ್ಕೆ ಹಾಕಿದ.

ಬಸ್‌ಸ್ಟ್ಯಾಂಡಿನ ಮುಂದಿನ ರಸ್ತೆಯಲ್ಲಿ ಚಪ್ಪಲಿ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲದೆ ನಡೆದೆವು. ಅಂಗಡಿ ಕಟ್ಟೆಯ ಮೇಲೆ ನಿಂತವನೊಬ್ಬ ನನ್ನನ್ನು ಕೇಳಿದ, ಯಾರದಬೇ ಹೆಣ, ಹಲಗಿ ಯಾಕಿಲ್ಲ?

"ಹಲಗಿ ತಂದಾವನದು" ಅಂದೆ. ನಡೆದೆ.