ಗ್ರಾಹಕರು ಯಾವ ತೊಂದರೆಯನ್ನೂ ಹೇಳಿಲ್ಲ

“ಹಲೋ, ಹಲೋ... ಕೇಳಿಸ್ತಾ ಇದ್ಯಾ ಮೇಡಂ? ನೋಡಿ, ಎಷ್ಟ್ ಕ್ಲಿಯರಾಗಿದೆ!”

ಯಲಹಂಕದ ಮೊಬೈಲ್ ಅಂಗಡಿಯ ಮಾಲೀಕ ಮುನಿರಾಜು ಒಂದು ಫೋನನ್ನು ತಮ್ಮ ಬಾಯಿಗೂ ಇನ್ನೊಂದನ್ನು ನನ್ನ ತಂಗಿ ಸುಮಳ ಕಿವಿಗೂ ಹಿಡಿದುಕೊಂಡು ಹೀಗೆ ಕೂಗುತ್ತಿದ್ದರು. ಸುಮ ಅವರನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ.

ನಾನು ವಿಷಯ ಹೇಳಿದೆ. ಮುನಿರಾಜು ಪೆಚ್ಚಾಗಿ “ಅಯ್ಯೋ, ಸಾರಿ ಮೇಡಂ” ಅಂದರು. ಅಂದವರೇ ಫೋನನ್ನು ಅವಳ ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಮೊದಲಿಗಿಂತ ಜೋರಾಗಿ “ಹಲೋ” ಅಂದರು. (ನಗಬೇಡಿ. ಕಿವಿ ಕೇಳಿಸದವರ ಎದುರು ನಾವೆಲ್ಲ ಮಾಡುವುದು ಇದನ್ನೇ.)

ಅಷ್ಟಕ್ಕೂ ನಾವು ಅವತ್ತು ಹೋಗಿದ್ದು ಫೋನು ಕೊಳ್ಳುವುದಕ್ಕಲ್ಲ. ಅದೇ ಅಂಗಡಿಯಲ್ಲಿ ಕೊಂಡು ವಾರವೂ ಆಗಿರದ ಫೋನು ಕೆಟ್ಟಿತ್ತು. ಬದಲಾಯಿಸಿ ಕೊಡಿ ಅಂತ ಕೇಳಲು ಹೋಗಿದ್ದೆವು.

ನನ್ನ ಅನುಮಾನದ ಬುದ್ಧಿ ಈ ಅಂಕಣ ಓದುವ ನಿಮಗೆ ಹೊಸದೇನಲ್ಲ. ತರಕಾರಿಯವನ ತಕ್ಕಡಿಯನ್ನು ಮೊದಲು ಖಾಲಿ ತೂಗಿಸುವವಳು ನಾನು. ಪೆಟ್ರೋಲ್ ಬಂಕಿನಲ್ಲಿ ಮೀಟರು ಸೊನ್ನೆಗೆ ಬರುವ ತನಕ ಸ್ಕೂಟರಿನ ಮುಚ್ಚಳ ತೆಗೆಯುವುದಿಲ್ಲ. ಈ ಫೋನು ಕೊಳ್ಳುವಾಗಲೂ ಅಷ್ಟೇ. ಡಬ್ಬಿಯ ಸೀಲನ್ನು ಉಗುರಿನಿಂದ ಕೆರೆದು ನೋಡಿದೆ. ಡಬ್ಬಿಯ ಮೇಲಿನ ನಂಬರು, ಫೋನಿನೊಳಗಿನ ನಂಬರು, ಬಿಲ್ಲಿನ ನಂಬರು ಮೂರನ್ನೂ ತಾಳೆ ಹಾಕಿದೆ. ಬಿಲ್ಲು ಸುಮಳ ಹೆಸರಿನಲ್ಲೇ, ಅವಳ ಮೊಬೈಲ್ ನಂಬರಿನಲ್ಲೇ ಆಗಬೇಕು ಅಂತ ಹಟ ಹಿಡಿದೆ. ನಾಳೆ ಏನಾದರೂ ಎಡವಟ್ಟಾದರೆ ಕೇಳುವ ಹಕ್ಕು ಅವಳದ್ದೇ ಇರಬೇಕಲ್ಲ?

ಇಷ್ಟೆಲ್ಲ ಮಾಡಿದ ಜಾಣೆ ಒಂದನ್ನು ಮಾತ್ರ ಮರೆತೆ. ಮುಂದಿನ ಕ್ಯಾಮೆರಾವನ್ನು ಒಂದೈದು ನಿಮಿಷ ಆನ್ ಮಾಡಿ ನೋಡಲಿಲ್ಲ. ಕೈಕೊಟ್ಟಿದ್ದು ಅದೇ.

ಸುಮ, ಅವಳ ಗಂಡ ಪ್ರಕಾಶ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ. ಇಬ್ಬರದೂ ಕೈಭಾಷೆ. ಇರುವುದು ಹುಣಸಮಾರನಹಳ್ಳಿಯಲ್ಲಿ. ಪ್ರಕಾಶನಿಗೆ ಅಲ್ಲೇ ಹತ್ತಿರದಲ್ಲಿ, ಹೋಟೆಲುಗಳ ಬೆಡ್‌ಶೀಟು ಒಗೆಯುವ ಲಾಂಡ್ರಿಯಲ್ಲಿ ಶಿಫ್ಟ್ ಕೆಲಸ. ನಾನಿರುವುದು ಆರ್.ಟಿ. ನಗರದಲ್ಲಿ. ನಾವು ಮೂವರೂ ಮಾತಾಡುವುದು ವಿಡಿಯೊ ಕಾಲಿನಲ್ಲೇ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಕೂತರೆ ಸುಮಳ ಮಾತಿಗೆ ಬ್ರೇಕೇ ಇಲ್ಲ.

ಈಗ ಅವಳು ತುಂಬು ಗರ್ಭಿಣಿ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ನೋವು ಶುರುವಾದರೆ ತಕ್ಷಣ ನನಗೋ ಪ್ರಕಾಶನಿಗೋ ಹೇಳಬೇಕು. ಹಳೇ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಪ್ರಾಣ ಬಿಡುತ್ತಿತ್ತು. ಹೊಸ ಫೋನು ತೆಗೆದುಕೊಂಡಿದ್ದೇ ಅದಕ್ಕೆ.

ಹೊಸದು ಮಾಡಿದ್ದೇನು? ಕಾಲ್ ಶುರುವಾಗಿ ಅರ್ಧ ನಿಮಿಷಕ್ಕೆ ಮುಂದಿನ ಕ್ಯಾಮೆರಾ ಕಪ್ಪಾಗುತ್ತಿತ್ತು. ಅವಳಿಗೆ ನಾನು ಕಾಣುತ್ತೇನೆ, ನನಗೆ ಅವಳು ಕಾಣುವುದಿಲ್ಲ. “ಏನಾಯ್ತು?” ಅಂತ ನಾನು ಕೈಯಲ್ಲಿ ಕೇಳುತ್ತೇನೆ. ಅವಳು ಆ ಕಡೆ ಏನೋ ಹೇಳುತ್ತಿರುತ್ತಾಳೆ. ನನ್ನ ಕಣ್ಣಿಗೆ ಬರೀ ಕತ್ತಲೆ.

“ಸೆಲ್ಫಿ ಕ್ಯಾಮೆರಾ ತಾನೇ ಮೇಡಂ?” ಅಂದರು ಮುನಿರಾಜು. “ಅಪ್‌ಡೇಟ್ ಬಂದ್ರೆ ಸರೋಗುತ್ತೆ. ಕಾಲ್ ಓಯ್ತಾ ಐತಲ್ಲ?”

“ಕಾಲ್ ಹೋದ್ರೆ ಅವಳಿಗೇನು ಪ್ರಯೋಜನ ಹೇಳಿ?”

“ಮೆಸೇಜ್ ಮಾಡ್ಬೌದಲ್ಲ?”

ನನಗೆ ಪಿತ್ತ ನೆತ್ತಿಗೇರಿತು. “ಹೊಟ್ಟೇಲಿ ನೋವು ಬಂದ್ರೆ ನೀವು ಅಮ್ಮಾ ಅಂತ ಕೂಗ್ತೀರೋ, ಕೂತ್ಕೊಂಡು ಟೈಪ್ ಮಾಡ್ತೀರೋ?”

ಅದಕ್ಕೆ ಅವರಿಂದ ಪ್ರಶ್ನೆಗಳ ಸುರಿಮಳೆ. ಕೆಳಗೆ ಬೀಳಿಸಿದಿರಾ? ನೀರು ತಾಗಿಸಿದಿರಾ? ಬೇರೆ ಚಾರ್ಜರ್ ಹಾಕಿದಿರಾ? ಅನುಮಾನದಲ್ಲಿ ಈ ಮನುಷ್ಯ ನನಗಿಂತ ಒಂದು ಕೈ ಮೇಲು! ಕೊನೆಗೆ ಎಲ್ಲ ಅಂಗಡಿಯವರೂ ಹೇಳುವ ಮಾತು ಬಂತು. “ನಮ್ ಕೈಲೇನಿಲ್ಲ ಮೇಡಂ. ಕಂಪನೀದು. ಸರ್ವಿಸ್ ಸೆಂಟರ್‌ಗೆ ಓಗಿ.”

ಗಮನಿಸಿ, ಇದು ಅರ್ಧ ಸುಳ್ಳು. ದುಡ್ಡು ಎಣಿಸಿಕೊಂಡು ಬಿಲ್ಲು ಕೊಟ್ಟ ಅಂಗಡಿಯವನಿಗೂ ಜವಾಬ್ದಾರಿ ಇದೆ. ಗೋಡೆಯ ಮೇಲೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆಸಿದ್ದರೂ, ಕೆಟ್ಟ ಮಾಲನ್ನು ವಾಪಸ್ ಪಡೆಯದಿರುವುದೇ ಕಾನೂನಿನ ಪ್ರಕಾರ ತಪ್ಪು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ವಕೀಲರೇ ಬೇಕು ಅಂತಲೂ ಇಲ್ಲ, ನಾವೇ ಕೊಡಬಹುದು. ಇದೆಲ್ಲ ಗೊತ್ತಿದ್ದೂ ನಾನು ಸರ್ವಿಸ್ ಸೆಂಟರಿಗೆ ಹೋದೆ. ಯಾಕೆ? ಜಗಳಕ್ಕಿಂತ ಹೆಬ್ಬಾಳದ ಟ್ರಾಫಿಕ್ಕೇ ವಾಸಿ ಅನಿಸಿತು.

ಸರ್ವಿಸ್ ಸೆಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. (ಅಲ್ಲೇ ನನಗೆ ಅನುಮಾನ ಬರಬೇಕಿತ್ತು.) ದೂರು ದಾಖಲಿಸಿಕೊಂಡು, ಫೋನನ್ನು ನಮ್ಮ ಕೈಗೇ ವಾಪಸ್ ಕೊಟ್ಟು, “ಕಂಪನಿಯಿಂದ ಒಂದು ಕಾಲ್ ಬರುತ್ತೆ ಮ್ಯಾಮ್. ಏನ್ ಪ್ರಾಬ್ಲಂ ಅಂತ ಹೇಳಿ, ಆಮೇಲೆ ಅಪ್ರೂವಲ್ ಸಿಗುತ್ತೆ” ಅಂದಳು.

“ನನ್ನ ನಂಬರ್‌ಗೆ ಮಾಡೋಕೆ ಹೇಳಮ್ಮ.”

“ಆಗಲ್ಲ ಮ್ಯಾಮ್. ಬಿಲ್‌ನಲ್ಲಿರೋ ನಂಬರ್‌ಗೇ ಬರೋದು.”

ಬಿಲ್ಲಿನಲ್ಲಿ ಸುಮಳ ನಂಬರೇ ಇರಲಿ ಅಂತ ಹಟ ಹಿಡಿದವರು ಯಾರು? ನಾನೇ. ಅವಳಿಗೆ ಕಿವಿ ಕೇಳಿಸಲ್ಲ ಅಂತ ಬರೆದುಕೋ ಅಂದೆ. “ಅದಕ್ಕೆ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ ಮ್ಯಾಮ್” ಅಂದಳು.

ಫೋನನ್ನು ಪ್ರಕಾಶನ ಕೈಲಿ ಲಾಂಡ್ರಿಗೆ ಕಳಿಸಿದರೆ ಅಲ್ಲಿ ಕಿವಿ ಕೇಳಿಸುವವರು ಯಾರಾದರೂ ಕಾಲ್ ಎತ್ತುತ್ತಾರೆ, ನಾಳೆ ನೋಡೋಣ ಅಂದುಕೊಂಡೆ. “ಕಂಪನಿಯವರು ಕಾಲ್ ಮಾಡ್ತಾರಂತೆ” ಅಂತಷ್ಟೇ ಸುಮಳಿಗೆ ಹೇಳಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆಯೇ ಅವಳ ಫೋನಿಗೆ ಬಂದ ಸಂದೇಶ ಇದು: ‘ನಿಮ್ಮೊಂದಿಗೆ ಮಾತನಾಡಲಾಗಿದೆ. ಗ್ರಾಹಕರು ಯಾವ ತೊಂದರೆಯನ್ನೂ ಹೇಳಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ. ಧನ್ಯವಾದಗಳು.’

ಆಗಿದ್ದಿಷ್ಟು. ಸುಮಳ ಪ್ರಪಂಚದಲ್ಲಿ ಕಾಲ್ ಅಂದರೆ ವಿಡಿಯೊ ಕಾಲ್. ಇನ್ನೊಂದು ಥರದ ಕಾಲನ್ನು ಅವಳು ಯಾವತ್ತೂ ಎತ್ತಿದವಳೇ ಅಲ್ಲ. ಕಂಪನಿಯ ಕಾಲ್ ಬಂತು. ಹಸಿರು ಗುಂಡಿ ಒತ್ತಿದಳು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದಳು, ಕೂದಲು ಸರಿ ಮಾಡಿಕೊಂಡಳು. ಅವರ ಮುಖ ಕಾಣದಿದ್ದಾಗ ಅವರ ಕ್ಯಾಮೆರಾವೂ ಕೆಟ್ಟಿರಬೇಕು ಅಂದುಕೊಂಡಳಂತೆ. ಆದರೂ ಬಿಡದೆ ಎರಡೂ ಕೈಯಲ್ಲಿ ಎಲ್ಲವನ್ನೂ ಹೇಳಿದಳು. ಕ್ಯಾಮೆರಾದ ಕಥೆ, ಅಂಗಡಿಯ ಕಥೆ, ಹೆರಿಗೆ ಹತ್ತಿರ ಬಂದಿರುವ ಕಥೆ. ಆ ಕಡೆಯವರು ಎರಡು ಸಲ ಹಲೋ ಅಂದು ಇಟ್ಟಿರಬೇಕು.

“ನಾನು ಎಲ್ಲಾ ಹೇಳಿದೆನಲ್ಲ ಅಕ್ಕ? ಹೇಳಿಲ್ಲ ಅಂತ ಯಾಕೆ ಬರೆದರು?” ಅಂತ ಅವಳು ಹಳೇ ಫೋನಿನಿಂದ ಕೇಳಿದಾಗ ನನಗೆ ಅಳು ಬಂತು. ಕೋಪಕ್ಕೆ ಬರುವ ಅಳು. ಇದು ಬರೀ ದಡ್ಡತನವೋ, ದೂರು ಮುಚ್ಚಿಹಾಕುವ ಉಪಾಯವೋ? ನನ್ನನ್ನು ಕೇಳಿದರೆ, ಯಾವ ಕಂಪನಿಯ ದಡ್ಡತನವೂ ಕಂಪನಿಗೆ ನಷ್ಟವಾಗುವ ಹಾಗೆ ಇದ್ದದ್ದನ್ನು ನಾನು ನೋಡಿಲ್ಲ.

ಶನಿವಾರ ಸಂಜೆ ಮತ್ತೆ ಮುನಿರಾಜು ಅಂಗಡಿಗೇ ಹೋದೆವು. ಜನ ತುಂಬಿರುವ ಹೊತ್ತನ್ನೇ ಬೇಕಂತ ಆರಿಸಿಕೊಂಡಿದ್ದೆ. ಒಳಗೆ ಹೋಗುವ ಮುಂಚೆ ಸುಮಳಿಗೆ, “ಸ್ವಲ್ಪ ಸಪ್ಪೆ ಮುಖ ಮಾಡ್ಕೋ. ಹೊಟ್ಟೆ ಮೇಲೆ ಕೈ ಇಟ್ಕೋ” ಅಂತ ಪಾಠ ಮಾಡಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

ನಾನು ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದೆ. “ಮುಂದಿನ ಕ್ಯಾಮೆರಾ ಕೆಟ್ಟಿದೆ, ಆದ್ರೂ ನಾವು ಬದಲಾಯಿಸಿ ಕೊಡಲ್ಲ ಅಂತ ನಿಮ್ಮ ಲೆಟರ್‌ಹೆಡ್ಡಲ್ಲಿ ಬರೆದು, ಸೀಲ್ ಹಾಕಿ ಕೊಡಿ. ಸಾಕು. ನಾವು ಹೊರಡ್ತೀವಿ.”

ಮುನಿರಾಜು ಸೀಲಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಸುತ್ತ ನಿಂತ ಗಿರಾಕಿಗಳ ಕಡೆ ನೋಡಿದರು. ಇದ್ದಕ್ಕಿದ್ದಂತೆ ಅವರ ಮುಖದಲ್ಲಿ ಕರುಣೆ ಉಕ್ಕಿತು.

“ಪಾಪ! ಕಿವಿ ಕೇಳ್ಸಲ್ಲ, ಮಾತ್ ಬರಲ್ಲ, ಬಸ್ರಿ ಎಂಗ್ಸು ಬೇರೆ. ಇಂಗಿರೋರ್ಗೆ ನಾವ್ ಸಹಾಯ ಮಾಡ್ದೆ ಇನ್ಯಾರ್ ಮಾಡ್ತಾರೆ? ತಗೀರಪ್ಪ ಒಂದ್ ಹೊಸಾ ಪೀಸು!”

ಗಿರಾಕಿಗಳೆಲ್ಲ ತಲೆದೂಗಿದರು. ಹೊಸ ಫೋನು ಬಂತು. ಸುಮ ಅಲ್ಲೇ ಮೂಲೆಯಲ್ಲಿ ನಿಂತು ಪ್ರಕಾಶನಿಗೆ ವಿಡಿಯೊ ಕಾಲ್ ಮಾಡಿ, ಊಟ ತಿಂಡಿ ಎಲ್ಲ ವಿಚಾರಿಸಿ, ಕ್ಯಾಮೆರಾ ಕಪ್ಪಾಗುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಳು. ನನಗೆ ಜೀವ ಬಂದ ಹಾಗಾಯಿತು.

ಆದರೆ ಅವಳ ಮುಖ ಕೆಂಪಾಗಿತ್ತು. ‘ಪಾಪ’ ಅನ್ನುವ ಮಾತನ್ನು ಯಾರ ತುಟಿಯ ಮೇಲಾದರೂ ಓದಿಬಿಡುತ್ತಾಳೆ. ಚಿಕ್ಕಂದಿನಿಂದ ಅವಳು ಅಷ್ಟು ಸಲ ನೋಡಿರುವ ಮಾತು ಇನ್ನೊಂದಿಲ್ಲ.

“ದುಡ್ಡು ಕೊಟ್ಟು ತಗೊಂಡಿದ್ದೀವಲ್ಲ? ಬಿಲ್ಲಿದೆಯಲ್ಲ? ಮತ್ತೆ ಪಾಪ ಯಾಕೆ?” ಅಂತ ಕೈಯಲ್ಲಿ ಕೇಳಿದಳು. “ನೀನೂ ಅಷ್ಟೇ. ಸಪ್ಪೆ ಮುಖ ಮಾಡ್ಕೋ ಅಂದೆ.”

“ತಪ್ಪಾಯ್ತು” ಅಂತ ಕೈಯಲ್ಲೇ ಹೇಳಿದೆ.

ಅಷ್ಟರಲ್ಲಿ ಮುನಿರಾಜು ಬಂದರು. “ಮೇಡಂ, ಒಂದ್ ಸಣ್ಣ ವಿಡಿಯೊ ಮಾಡ್ಕಂಬುಡಾಣ. ನಮ್ ಅಂಗ್ಡಿ ಪೇಜ್‌ಗೆ ಆಕಾಣ ಅಂತ. ಅವ್ರ್ ಕೈಲಿ ಒಂದ್ ಥ್ಯಾಂಕ್ಸ್ ಏಳ್ಸಿ.”

ಅನುಮಾನವೇ ಪಡಬೇಕಾಗಿರಲಿಲ್ಲ, ಅವರ ಉದ್ದೇಶ ಅಷ್ಟು ಬಟಾಬಯಲು. ಬೇಡವೇ ಬೇಡ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಸುಮ ನನ್ನ ಕೈ ಹಿಡಿದು ತಡೆದಳು. ದುಪಟ್ಟ ಸರಿ ಮಾಡಿಕೊಂಡು ಕ್ಯಾಮೆರಾ ಮುಂದೆ ನಿಂತಳು. ಪಕ್ಕದಲ್ಲಿ ಕೈ ಮುಗಿದುಕೊಂಡು ಮುನಿರಾಜು. ಸುಮ ನಗುನಗುತ್ತಾ, ಒಂದಿಷ್ಟೂ ಅವಸರ ಮಾಡದೆ, ಎರಡೂ ಕೈಯಲ್ಲಿ ಹೇಳಿದಳು. ಅದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಈ ಅಂಗಡಿಯಲ್ಲಿ ನನಗೆ ಕೆಟ್ಟ ಫೋನು ಕೊಟ್ಟರು. ವಾಪಸ್ ತಂದರೆ ನನ್ನನ್ನೇ ಅನುಮಾನಿಸಿದರು, ಕಂಪನಿಗೆ ಹೋಗು ಅಂತ ಓಡಿಸಿದರು. ಬರೆದು ಕೊಡಿ ಅಂದಮೇಲೆ ಬೇರೆ ಫೋನು ಕೊಟ್ಟರು. ಇದು ದಾನ ಅಲ್ಲ, ನಮ್ಮ ದುಡ್ಡು. ನೀವೂ ಇಲ್ಲಿ ಕೊಂಡರೆ ಬಿಲ್ಲು ಜೋಪಾನ, ಕ್ಯಾಮೆರಾ ನೋಡಿಕೊಳ್ಳಿ. ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಾರಲ್ಲ, ಅವರೇ ಮಾಲೀಕರು.”

ಮುನಿರಾಜು ಕಣ್ಣಂಚು ಒರೆಸಿಕೊಂಡು ಕೇಳಿದರು. “ಏನಂದ್ರು ಮೇಡಂ?”

“ಮನಸ್ಸಲ್ಲಿದ್ದದ್ದನ್ನೆಲ್ಲ ಹೇಳಿದಳು” ಅಂದೆ. ಸುಳ್ಳಲ್ಲವಲ್ಲ?

ಈಗ ಸುಮ ದಿನಕ್ಕೆ ಹತ್ತು ಸಲ ಕಾಲ್ ಮಾಡುತ್ತಾಳೆ. ನೋವಿನ್ನೂ ಬಂದಿಲ್ಲ, ಬಂದರೆ ನನಗೆ ಕಾಣಿಸುತ್ತದೆ. ವಿಡಿಯೊ ಅಂಗಡಿಯ ಪೇಜಿನಲ್ಲಿದೆ. ಹಿನ್ನೆಲೆಗೆ ಕೊಳಲು ಬೇರೆ ಹಾಕಿದ್ದಾರೆ. ‘ಮಾನವೀಯತೆ ಇನ್ನೂ ಸತ್ತಿಲ್ಲ’ ಅಂತ ಜನ ಹೃದಯ ಒತ್ತುತ್ತಿದ್ದಾರೆ. ಕೈಭಾಷೆ ಬಲ್ಲ ಪ್ರಕಾಶನ ಗೆಳೆಯರಂತೂ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಾರೆ.

ಮುನಿರಾಜು ಈ ಅಂಕಣ ಓದುವುದಿಲ್ಲ ತಾನೇ?